ಇಲ್ಲದ ಪುಟದ ಸಾಕ್ಷಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ‘ಪುರಾವೆ’ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಹುಟ್ಟಿದ ಹೆಸರು, ಆರು ತಿಂಗಳಲ್ಲಿ ಮುಖದೆದುರಿಗೇ ಬಂದು ಕುರ್ಚಿ ಎಳೆದುಕೊಂಡು ಕೂತಿತ್ತು. ಯಾರಾದರೂ ಕಿಟಕಿಯಾಚೆ ನೋಡಿ ಮಳೆ ಬರುವ ಹಾಗಿದೆ ಎಂದರೆ ಸಾಕು, ಟೈಪಿಸ್ಟ್ ಕತ್ತು ತಿರುಗಿಸಿ, “ಮೆಲ್ಲಗೆ ಹೇಳ್ರೀ, ಪುರಾವೆ ಕೇಳಿಸ್ಕೊಂಡ್ರೆ ಮೋಡದ ಸಹಿ ಮಾಡಿಸ್ಕೊಂಡು ಬನ್ನಿ ಅಂತಾಳೆ” ಎನ್ನುತ್ತಿದ್ದಳು. ಅವಳೂ ಜೊತೆಗೆ ನಗುತ್ತಿದ್ದಳು. ಒಳಗೊಳಗೆ ಆ ಹೆಸರಿನ ಬಗ್ಗೆ ಅವಳಿಗೆ ಹೆಮ್ಮೆಯೇ ಇತ್ತು.

ಆಫೀಸು ಇದ್ದದ್ದು ಒಂದು ಕನ್ನಡಕದ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಪುಸ್ತಕ ತಯಾರಾಗುತ್ತಿತ್ತು: ಜನ ಇಂಗ್ಲಿಷನ್ನು ಹೇಗೆ ಬಳಸುತ್ತಾರೆ ಎಂದು ಹೇಳುವ ಕೈಪಿಡಿ. ಅರ್ಜಿ ಬರೆಯಬೇಕಾದ ಗುಮಾಸ್ತರಿಗೆ, ರೋಗಿಯ ಹಾಳೆ ತುಂಬಬೇಕಾದ ನರ್ಸುಗಳಿಗೆ, ಮನೆಮಾತು ಬೇರೆಯಾಗಿದ್ದೂ ದಿನವಿಡೀ ಇಂಗ್ಲಿಷಿನ ಜೊತೆ ಏಗಬೇಕಾದ ಎಲ್ಲರಿಗೆ. ಹೀಗೆ ಹೇಳುತ್ತಾರೆ, ಹೀಗೆ ಹೇಳುವುದಿಲ್ಲ, ಮೊದಲು ಹೀಗೆ ಹೇಳುತ್ತಿದ್ದರು ಈಗ ಬಿಟ್ಟಿದ್ದಾರೆ, ಪುಸ್ತಕದ ತುಂಬ ಇಂಥ ಹೇಳಿಕೆಗಳು. ಹೇಳಿಕೆ ಕೊಡುವುದಕ್ಕೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಆದರೆ ಆ ಆಫೀಸಿನ ಕಟ್ಟಳೆ ಬಿಗಿಯಾಗಿತ್ತು. ಒಂದು ಹೇಳಿಕೆಗೆ ಮೂರು ಚೀಟಿ. ಮೂರೂ ಅಚ್ಚಾದ ಬೇರೆ ಬೇರೆ ಪುಸ್ತಕಗಳಿಂದ ಬಂದಿರಬೇಕು. ಚೀಟಿಯ ಮೇಲೆ ವಾಕ್ಯ, ಪುಸ್ತಕದ ಹೆಸರು, ಪುಟ, ಸಾಲು, ಕೊನೆಗೆ ಓದಿದವರ ಸಹಿ. ಮೂರಿಲ್ಲದಿದ್ದರೆ ಪ್ರಧಾನ ಸಂಪಾದಕರೇ ಹೇಳಿದರೂ ಆ ಮಾತು ಪುಸ್ತಕದ ಹೊಸ್ತಿಲು ದಾಟುವಂತಿರಲಿಲ್ಲ.

ಚೀಟಿ ತರುತ್ತಿದ್ದವರು ಹೊರಗಿನ ಓದುಗರು. ಮನೆಯಲ್ಲಿ ಕೂತು ಕೈಗೆ ಸಿಕ್ಕ ಇಂಗ್ಲಿಷ್ ಪುಸ್ತಕವನ್ನೆಲ್ಲ ಓದಿ, ಕಣ್ಣಿಗೆ ಬಿದ್ದ ಬಳಕೆಯನ್ನು ಬರೆದು ತಂದು ಕೊಡುವುದು ಅವರ ಕೆಲಸ. ಒಂದು ಕಾಲದಲ್ಲಿ ಮೂವತ್ತು ಮಂದಿ ಇದ್ದರಂತೆ, ಈಗ ನಾಲ್ಕು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಚೀಟಿ ತಾತ. ಪ್ರೆಸ್ಸೊಂದರಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತರಾದವರು. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಯಿಂದ ಒಂದೇ ಅಳತೆಗೆ ಕತ್ತರಿಸಿ, ಹಿಂಬದಿಯಲ್ಲಿ ಹಸಿರು ಶಾಯಿಯಲ್ಲಿ ಬರೆಯುತ್ತಿದ್ದರು. ಆಫೀಸಿನ ಮರದ ಖಾನೆಗಳನ್ನು ಎಲ್ಲಿ ಎಳೆದರೂ ನಡುನಡುವೆ ಹಸಿರು ಇಣುಕುತ್ತಿತ್ತು.

ಪುರಾವೆ ಕೆಲಸಕ್ಕೆ ಸೇರಿದ ಮೊದಲ ವಾರ ಅವಳಿಗೆ ಚೀಟಿ ಬರೆಯುವುದನ್ನು ಕಲಿಸಿಕೊಟ್ಟವರೂ ಅವರೇ. “ಪುಸ್ತಕ ಮುಚ್ಚಿ ಬರೀಬೇಡ ತಾಯಿ. ಮುಚ್ಚಿದ ಮೇಲೆ ನೆನಪು ತನ್ನ ಪಾಂಡಿತ್ಯ ತೋರಿಸೋಕೆ ಶುರು ಮಾಡುತ್ತೆ. ತೆರೆದಿಟ್ಟು, ಬೆರಳಿಟ್ಟು, ನೋಡ್ಕೊಂಡು ಬರಿ.” ಬೆರಳಿಡುವುದು ಹೇಗೆಂದು ಅವಳ ಬೆರಳು ಹಿಡಿದು ಸಾಲಿನ ಮೇಲಿಟ್ಟು ತೋರಿಸಿದ್ದರು. ಅವತ್ತಿನಿಂದ ಇವತ್ತಿನವರೆಗೆ ಅವಳು ಹಾಗೇ ಮಾಡುತ್ತಾ ಬಂದಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ತಾತ ಮೂರು ಮಹಡಿ ಹತ್ತಿ ಬಂದು, ಎಂದಿನಂತೆ ಕಟ್ಟು ಇಡದೆ, ಅಂಗಿಯ ಜೇಬಿನಿಂದ ಒಂದೇ ಒಂದು ಚೀಟಿ ತೆಗೆದು ಅವಳ ಮೇಜಿನ ಮೇಲಿಟ್ಟರು. ಇಟ್ಟವರು ಕೂರಲೂ ಇಲ್ಲ.

‘ದ ಲೈನ್ ಈಸ್ ಥಿನ್’ ಎಂದಿತ್ತು ಅದರಲ್ಲಿ. ಫೋನಿನ ಆ ಕಡೆಯ ದನಿ ಸರಿಯಾಗಿ ಕೇಳಿಸದಿದ್ದಾಗ ಟೆಲಿಫೋನ್ ಎಕ್ಸ್‌ಚೇಂಜಿನವರು ಹೀಗೆ ಹೇಳುತ್ತಿದ್ದರು ಎಂದು ಕೆಳಗೆ ಟಿಪ್ಪಣಿ. ಪುಸ್ತಕದ ಹೆಸರಿರಬೇಕಾದ ಜಾಗದಲ್ಲಿ, ‘ನನ್ನ ಹೆಂಡತಿ, ಟ್ರಂಕ್ ಆಪರೇಟರ್, ಇಪ್ಪತ್ತಾರು ವರ್ಷ.’ ಪುಟ, ಸಾಲು ಎರಡೂ ಖಾಲಿ.

“ಲೈನು ತೆಳ್ಳಗಿದೆ ಅಂತ” ಎಂದರು ತಾತ. “ಬೇರೆಯವರು ವೀಕ್ ಅಂತಾರೆ, ಬ್ಯಾಡ್ ಅಂತಾರೆ. ಇವಳು ಯಾವತ್ತೂ ಹಾಗನ್ನಲಿಲ್ಲ. ಥಿನ್. ಅವಳ ಜೊತೆ ಸ್ವಿಚ್‌ಬೋರ್ಡಿನ ಸಾಲಲ್ಲಿ ಕೂರ್ತಿದ್ದ ಹೆಂಗಸರೆಲ್ಲ ಹಾಗೇ ಹೇಳ್ತಿದ್ರಂತೆ. ಮನೆಗೆ ಬಂದ್ರೂ ಅದೇ. ನನಗೆ ಕೋಪ ಬಂದು ಮಾತು ಬಿಟ್ರೆ, ‘ಯಾಕೋ ಲೈನು ಥಿನ್ ಆಗಿದೆಯಲ್ಲ’ ಅನ್ನೋಳು.”

ಅವರ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಪುರಾವೆ ಆ ಹೆಂಗಸನ್ನು ಒಮ್ಮೆಯೂ ನೋಡಿರಲಿಲ್ಲ. ಚೀಟಿಯನ್ನು ಕೈಯಲ್ಲಿ ಹಿಡಿದು ಅದರ ಅಂಚನ್ನು ಸವರಿದಳು.

“ತಾತ, ಇದು ಬಾಯಿಮಾತು.”

“ಹೌದು. ಭಾಷೆ ಇರೋದೇ ಬಾಯಲ್ಲಿ ಅಲ್ವಾ?”

“ಅಲ್ಲ ಅಂದ್ನಾ? ಆದ್ರೆ ನೀವೇ ಕಲಿಸಿದ್ದು. ಅಚ್ಚಿನಲ್ಲಿ ಎಲ್ಲಿದೆ?”

“ಅಂದ್ರೆ ಅವಳು ಹೇಳಿದ್ದು ಸುಳ್ಳು ಅಂತೀಯಾ?”

“ಸುಳ್ಳು ಅಂದಿಲ್ಲ. ಇಷ್ಟು ಸಾಲದು ಅಂದೆ.”

ತಾತ ಆಗ ಕೂತರು. ಕೂತು, ತಮ್ಮ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಸಾಲ ಕೇಳಲು ಬಂದವರ ಹಾಗೆ ದನಿ ಇಳಿಸಿದರು. “ಹೆಸರು ಬೇಡ ತಾಯಿ. ಯಾರು ಹೇಳಿದ್ದು ಅಂತ ಪುಸ್ತಕದಲ್ಲಿ ಎಲ್ಲೂ ಬರೋದೂ ಇಲ್ಲ, ಗೊತ್ತು. ಆ ಒಂದು ಸಾಲು ಇದ್ರೆ ಸಾಕು. ಎಕ್ಸ್‌ಚೇಂಜಿನವರು ಹೀಗೆ ಹೇಳುತ್ತಿದ್ದರು. ಅಷ್ಟೇ. ಇಪ್ಪತ್ತಾರು ವರ್ಷ ಊರೆಲ್ಲರ ಮಾತು ಅವಳ ಕಿವಿ ಮೇಲೆ ಹಾದು ಹೋಯ್ತು. ಅವಳದ್ದು ಒಂದಾದ್ರೂ ಎಲ್ಲಾದ್ರೂ ಉಳೀಲಿ.”

ಪುರಾವೆ ಚೀಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅವರ ಆ ದನಿ ಕೇಳಲಾರದೆ ಒಂದು ಮಾತು ಆಡಿದಳು. ಆಡಬಾರದಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಳೋ ಲೆಕ್ಕವಿಲ್ಲ. “ಅಚ್ಚಿನ ಎರಡು ಚೀಟಿ ಸಿಕ್ಕಿದ್ರೆ ತಗೊಂಡು ಬನ್ನಿ ತಾತ. ಮೂರನೇದಾಗಿ ಅಜ್ಜಿದನ್ನ ಸೇರಿಸ್ಕೊಳ್ಳೋಕೆ ದೊಡ್ಡೋರನ್ನ ನಾನು ಒಪ್ಪಿಸ್ತೀನಿ.”

ದೊಡ್ಡೋರು ಎಂದರೆ ಪ್ರಧಾನ ಸಂಪಾದಕರು. ತಾತ ಎದ್ದರು. ಬಾಗಿಲಲ್ಲಿ ನಿಂತು, “ಎರಡು ಸಾಕಾ?” ಎಂದು ಮತ್ತೆ ಕೇಳಿಕೊಂಡು, ಮೆಟ್ಟಿಲಿಳಿದು ಹೋದರು.

ಐದು ವಾರದ ಮೇಲೆ ಎರಡು ಚೀಟಿ ಬಂದವು. ಒಂದು, ಈಗ ಯಾರೂ ನೆನಪಿಡದ ಒಬ್ಬ ಕಾದಂಬರಿಕಾರನದು, ಪುಟ ಇನ್ನೂರ ಹನ್ನೆರಡು. ಇನ್ನೊಂದು, ಒಬ್ಬ ಹಡಗಿನ ಕ್ಯಾಪ್ಟನ್ನನ ಆತ್ಮಕಥೆ, ಪುಟ ಮುನ್ನೂರ ಐವತ್ತೊಂದು. ಎರಡರಲ್ಲೂ ಯಾರೋ ಫೋನಿನಲ್ಲಿ ಕೂಗುತ್ತಾರೆ, ಆಪರೇಟರ್ ಮಧ್ಯೆ ಬಂದು ಲೈನು ತೆಳ್ಳಗಿದೆ ಎನ್ನುತ್ತಾಳೆ. ಹಸಿರು ಶಾಯಿ, ಅದೇ ಕ್ಯಾಲೆಂಡರ್ ಹಾಳೆ, ಕೆಳಗೆ ಅದೇ ಸಹಿ.

ಪುರಾವೆ ಖುಷಿಯಿಂದ ಟೈಪಿಸ್ಟಳ ಭುಜ ಅಲುಗಾಡಿಸಿದಳು. “ನೋಡೇ, ಸಿಕ್ಕಿಬಿಟ್ಟಿದೆ!” ಇಪ್ಪತ್ತಕ್ಕೆ ಒಂದರಂತೆ ಚೀಟಿಗಳನ್ನು ಮೂಲದ ಜೊತೆ ತಾಳೆ ನೋಡುವುದು ಆಫೀಸಿನ ಪದ್ಧತಿ. ಆದರೆ ಹಸಿರು ಶಾಯಿಯ ಚೀಟಿಯನ್ನು ಯಾರೂ ತಾಳೆ ನೋಡುತ್ತಿರಲಿಲ್ಲ. ಅದು ಬರೆಯದೆ ಇದ್ದ ರಿಯಾಯಿತಿ. ಅವಳು ಆ ಶನಿವಾರ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದದ್ದು ಕೂಡ ಅನುಮಾನದಿಂದಲ್ಲ. ಆ ವಾಕ್ಯವನ್ನು ಅದರ ಪುಟದಲ್ಲಿ, ಅಕ್ಕಪಕ್ಕದ ಸಾಲುಗಳ ನಡುವೆ, ಕಣ್ಣಾರೆ ನೋಡಬೇಕೆಂಬ ಆಸೆಯಿಂದ.

ಕಾದಂಬರಿ ನೂರ ತೊಂಬತ್ತೆಂಟನೇ ಪುಟಕ್ಕೆ ಮುಗಿದಿತ್ತು.

ಅವಳು ಹಿಂದಿನಿಂದ ಮುಂದಕ್ಕೆ ತಿರುಗಿಸಿದಳು. ಹಾಳೆ ಹರಿದಿದೆಯೇ ಎಂದು ಹೊಲಿಗೆಯ ಬುಡ ನೋಡಿದಳು. ಬೇರೆ ಮುದ್ರಣ ಇದೆಯೇ ಎಂದು ಗ್ರಂಥಪಾಲಕಿಯನ್ನು ಕೇಳಿದಳು. ಇರಲಿಲ್ಲ, ಒಂದೇ ಮುದ್ರಣ. ಕ್ಯಾಪ್ಟನ್ನನ ಆತ್ಮಕಥೆ ಮುನ್ನೂರ ನಲವತ್ತಕ್ಕೆ ಮುಗಿದಿತ್ತು. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಣ್ಣಾಡಿಸಿದಳು. ಸಮುದ್ರವಿತ್ತು, ಬಿರುಗಾಳಿಯಿತ್ತು, ಇಡೀ ಪುಸ್ತಕದಲ್ಲಿ ಒಂದೇ ಒಂದು ಟೆಲಿಫೋನ್ ಇರಲಿಲ್ಲ.

ಅವಳಿಗೆ ಮೊದಲು ಬಂದದ್ದು ಕೋಪ. ಮೋಸ ಹೋದವರ ಕೋಪ. ತಾನು ಯಾರ ಬೆರಳು ಹಿಡಿದು ಕಲಿತಳೋ ಆ ಬೆರಳೇ ಹೀಗೆ ಮಾಡಿತಲ್ಲ ಎಂದು. ಕೋಪದಲ್ಲಿ ಭಾನುವಾರ ಕಳೆಯಿತು. ಸೋಮವಾರ ಬೆಳಗ್ಗೆ ಬಂದವಳೇ ದೊಡ್ಡೋರಿಗೆ ಒಂದು ಟಿಪ್ಪಣಿ ಬರೆದಳು. ಎರಡು ಚೀಟಿಗಳ ವಿವರ ಬರೆದ ಮೇಲೆ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೊನೆಗೆ ಒಂದು ವಾಕ್ಯ ಸೇರಿಸಿದಳು: ‘ಈ ಓದುಗರ ಚೀಟಿಗಳನ್ನು ಇನ್ನು ಮುಂದೆ ಆಧಾರವಾಗಿ ನಂಬಲಾಗದು.’ ಬರೆದು ಮುಗಿಸಿದಾಗ ವಾಕ್ಯ ಚೆನ್ನಾಗಿ ಬಂದಿದೆ ಎನಿಸಿತು. ಅಚ್ಚುಕಟ್ಟಾಗಿತ್ತು, ಒಂದು ಪದವೂ ಹೆಚ್ಚಿರಲಿಲ್ಲ.

ಬುಧವಾರ ತಾತನನ್ನು ಕರೆಸಿದರು. ದೊಡ್ಡೋರ ಕೋಣೆಯಲ್ಲಿ ಮೂವರೇ.

“ಇದು ನಿಮ್ಮ ಕೈಬರಹಾನಾ?”

“ಹೌದು ಸಾರ್.”

“ಈ ಪುಟ?”

“ಇಲ್ಲ.”

“ಇಲ್ಲ ಅಂದ್ರೆ ನಿಮ್ಮ ಹತ್ರ ಇಲ್ವಾ?”

“ಆ ಪುಸ್ತಕದಲ್ಲೇ ಇಲ್ಲ ಸಾರ್. ನೂರ ತೊಂಬತ್ತೆಂಟಕ್ಕೆ ಮುಗಿಯುತ್ತೆ.”

ದೊಡ್ಡೋರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಈ ಕೆಲಸ ಬೇಕಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. “ಇಷ್ಟು ವರ್ಷ ಕೆಲಸ ಮಾಡಿದ್ದೀರಿ. ಹಾಗಾದ್ರೆ ಉಳಿದದ್ದರ ಕಥೆ ಏನು? ಉಳಿದದ್ದನ್ನ ನಾವು ಹೇಗೆ ನಂಬೋದು ಹೇಳಿ.”

ತಾತ ತಿರುಗಿ ಪುರಾವೆಯ ಕಡೆ ನೋಡಿದರು. ಬೇಡುವ ನೋಟವಲ್ಲ, ಸಿಟ್ಟಿನದೂ ಅಲ್ಲ. ‘ಇದಕ್ಕೆ ಉತ್ತರ ನಿನಗೆ ಗೊತ್ತಿದೆಯಲ್ಲ, ಹೇಳಿಬಿಡು’ ಎನ್ನುವ ಹಾಗೆ. ಅವಳಿಗೆ ಗೊತ್ತಿತ್ತು. ಏಳು ವರ್ಷ ಅವರ ಚೀಟಿಗಳನ್ನು ಹಿಡಿದುಕೊಂಡೇ ಅವಳು ಕೆಲಸ ಮಾಡಿದ್ದಳು. ಆದರೆ ಗೊತ್ತಿರುವುದು ಬೇರೆ, ತೋರಿಸುವುದು ಬೇರೆ. ತೋರಿಸುವುದಕ್ಕೆ ಆ ಗಳಿಗೆಯಲ್ಲಿ ಅವಳ ಕೈಯಲ್ಲಿ ಏನೂ ಇರಲಿಲ್ಲ. ಅವಳು ಗೋಡೆಯ ಮೇಲಿನ ಸ್ವಿಚ್ಚುಗಳನ್ನು ನೋಡುತ್ತಾ ನಿಂತಳು.

“ಉಳಿದದ್ದೆಲ್ಲ ಅಲ್ಲೇ ಇದೆ ಸಾರ್” ಎಂದರು ತಾತ. “ನೋಡಿದ್ರೆ ಕಾಣುತ್ತೆ.”

ಹಸಿರು ಶಾಯಿಯ ಚೀಟಿಗಳನ್ನು ಹೊರತೆಗೆಯಲು ಮೂರು ದಿನ ಹಿಡಿಯಿತು. ಹನ್ನೊಂದು ಸಾವಿರದ ನಾನೂರು. ನೂರು ನೂರರ ಕಟ್ಟು ಮಾಡಿ, ದಾರ ಸುತ್ತಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವು ಹೋದ ಮೇಲೆ ಒಂಬೈನೂರಕ್ಕೂ ಹೆಚ್ಚು ಹೇಳಿಕೆಗಳು ಮೂರರಿಂದ ಎರಡಕ್ಕೆ, ಒಂದಕ್ಕೆ ಕುಸಿದವು. ಅವನ್ನೆಲ್ಲ ಕೈಪಿಡಿಯಿಂದ ತೆಗೆಯುವುದೆಂದಾಯಿತು. ಪುಸ್ತಕ ಪ್ರೆಸ್ಸಿಗೆ ಹೋಗಲು ಆರು ವಾರ ಬಾಕಿ. ಟೈಪಿಸ್ಟ್ ಒಂದೊಂದೇ ಹೇಳಿಕೆಯ ಮೇಲೆ ಗೆರೆ ಎಳೆಯುತ್ತಾ ಕೂತಳು. ಪುರಾವೆಯನ್ನು ಬೈಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಅಂದಿನಿಂದ ಅವಳನ್ನು ‘ಪುರಾವೆ’ ಎಂದು ಕರೆಯುವುದು ಬಿಟ್ಟು ‘ಮೇಡಂ’ ಎನ್ನತೊಡಗಿದಳು, ಅಷ್ಟೇ. ಅದು ಬೈಗುಳಕ್ಕಿಂತ ಚೆನ್ನಾಗಿ ನಾಟಿತು.

ಖಾನೆಗಳು ಜಾಳುಜಾಳಾಗಿ ಕಾಣುತ್ತಿದ್ದವು. ಒಂದು ಖಾನೆ ಎಳೆದರೆ ಉಳಿದ ಚೀಟಿಗಳು ಮುಂದಕ್ಕೆ ಮುಗ್ಗರಿಸಿ ಬೀಳುತ್ತಿದ್ದವು. ನಾಲ್ಕನೇ ದಿನ ಪುರಾವೆಗೆ ತಡೆಯಲಾಗಲಿಲ್ಲ. ಬೀರುವಿನ ಕೀಲಿ ಕೇಳಿ ತೆಗೆದುಕೊಂಡು, ಒಂದು ಕಟ್ಟನ್ನು ಚೀಲಕ್ಕೆ ಹಾಕಿಕೊಂಡು, ಆಫೀಸು ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋದಳು.

ಮೊದಲ ಸಂಜೆ ಹದಿನೆಂಟು ಚೀಟಿ ತಾಳೆ ನೋಡಿದಳು. ಹದಿನೆಂಟೂ ಸರಿ. ವಾಕ್ಯ ಸರಿ, ಪುಟ ಸರಿ, ಮೇಲಿನಿಂದ ಎಣಿಸಿದರೆ ಸಾಲೂ ಸರಿ. ಒಂದು ಕಡೆ ಮೂಲದಲ್ಲೇ ಅಚ್ಚಿನ ತಪ್ಪಿತ್ತು. ತಾತ ಅದನ್ನು ತಿದ್ದದೆ ಹಾಗೇ ಬರೆದು, ಪಕ್ಕದಲ್ಲಿ ಸಣ್ಣಗೆ, ‘ಮೂಲದಲ್ಲಿ ಹೀಗೇ ಇದೆ, ನಾನು ಮಾಡಿದ್ದಲ್ಲ’ ಎಂದು ಗುರುತು ಹಾಕಿದ್ದರು.

ಎರಡನೇ ಸಂಜೆ ಇಪ್ಪತ್ತೆರಡು. ವಾರದ ಕೊನೆಗೆ ನೂರು ದಾಟಿತು. ಒಂದೂ ತಪ್ಪಿಲ್ಲ.

ಅವಳು ಅಣ್ಣನ ಮನೆಯಲ್ಲಿದ್ದವಳು. ದಿನಾ ಏಳೂವರೆಗೆ ಬರುವುದನ್ನು ಕಂಡು ಅತ್ತಿಗೆ ಕೇಳಿಯೇಬಿಟ್ಟಳು. “ಏನೇ, ಲೈಬ್ರರಿಯಲ್ಲಿ ಯಾರನ್ನಾದ್ರೂ ನೋಡ್ಕೊಂಡಿದ್ಯಾ?”

“ಹೂಂ. ಒಬ್ಬ ಮುದುಕನ್ನ.”

“ಅಯ್ಯೋ ನಿನ್ನ! ಅದೂ ಸರಿಯಾಗಿ ಮಾಡಲ್ವಲ್ಲೇ” ಎಂದು ಅತ್ತಿಗೆ ನಕ್ಕಳು. ಅವಳ ಮುಖ ನೋಡಿ ನಗು ನಿಲ್ಲಿಸಿ, ಒಗೆದ ಬಟ್ಟೆ ಮಡಚುವುದನ್ನು ಬಿಟ್ಟು ಪಕ್ಕಕ್ಕೆ ಬಂದು ಕೂತಳು. ಪುರಾವೆ ಎಲ್ಲ ಹೇಳಿದಳು.

“ತಪ್ಪಾಗಿದೆ ಅಂತ ಗೊತ್ತಾಯ್ತಲ್ಲ, ನಾಳೆನೇ ಹೋಗಿ ನಿಮ್ಮ ಯಜಮಾನರಿಗೆ ಹೇಳು.”

“ಇನ್ನೂ ಪೂರ್ತಿ ಗೊತ್ತಾಗಿಲ್ಲ ಅತ್ತಿಗೆ. ನೂರು ಅಂದ್ರೆ ಹನ್ನೊಂದು ಸಾವಿರದಲ್ಲಿ ಏನೂ ಅಲ್ಲ. ಇನ್ನೊಂದಿಷ್ಟು ನೋಡಿ ಹೇಳಿದ್ರೆ ಗಟ್ಟಿಯಾಗಿರುತ್ತೆ.”

“ಆ ಅಜ್ಜನ್ನ ನಂಬಬೇಡಿ ಅಂತ ಬರೆಯೋಕೆ ಎಷ್ಟು ನೋಡಿದ್ದೆ?”

ಪುರಾವೆ ಮನಸ್ಸಿನಲ್ಲೇ ಎಣಿಸಿದಳು. ಎರಡು. ಒಂದು ಪದಕ್ಕೆ ಮೂರು ಕೇಳುವವಳು ಒಬ್ಬ ಮನುಷ್ಯನಿಗೆ ಎರಡರಲ್ಲಿ ಮುಗಿಸಿದ್ದಳು. ಅತ್ತಿಗೆ ಅಂಗಿಯ ತೋಳನ್ನು ಒಳಮಡಚಿ, “ನಿಮ್ಮ ಆಫೀಸಿನ ನ್ಯಾಯ ನಮಗೆ ಅರ್ಥ ಆಗಲ್ಲಮ್ಮ. ಹಾಳು ಮಾಡೋಕೆ ಎರಡು, ಸರಿ ಮಾಡೋಕೆ ಸಾವಿರ” ಎಂದು ಎದ್ದಳು.

ಆದರೂ ಮಾರನೇ ದಿನ ಅವಳು ದೊಡ್ಡೋರ ಕೋಣೆಗೆ ಹೋಗಲಿಲ್ಲ. ಹೋದರೆ ಅವರು, ‘ನೂರು ಸರಿ ಇದ್ರೆ ಉಳಿದದ್ದು ಸರಿ ಅಂತ ಹೇಗೆ?’ ಎಂದು ಕೇಳುತ್ತಾರೆ, ಆಗ ತಾನು ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಗುತ್ತದೆ, ಇನ್ನೊಮ್ಮೆ ಹಾಗೆ ನಿಲ್ಲಲಾರೆ ಎಂಬುದು ಅವಳ ಹೆದರಿಕೆ. ಇನ್ನೂರಾಗಲಿ ಎಂದುಕೊಂಡಳು. ಇನ್ನೂರಾದ ಮೇಲೆ, ಬೇರೆ ಬೇರೆ ವರ್ಷದ ಕಟ್ಟುಗಳಿಂದ ಆರಿಸಿ ನೋಡದಿದ್ದರೆ ಏನು ಪ್ರಯೋಜನ ಎನಿಸಿತು. ಹಾಗೆ ಆರಿಸಿಕೊಂಡು ನಾನೂರು ದಾಟಿದಳು. ರಜೆ ಹಾಕಿ ಎರಡು ದಿನ ಬೆಳಗ್ಗೆಯಿಂದಲೇ ಗ್ರಂಥಾಲಯದಲ್ಲಿ ಕೂತಳು. ಗ್ರಂಥಪಾಲಕಿ ಅವಳ ಮೇಜಿನ ಬಳಿ ಬೇರೆ ಯಾರೂ ಕೂರದ ಹಾಗೆ ಒಂದು ಹಲಗೆ ಇಡತೊಡಗಿದಳು.

ಐದನೇ ವಾರದ ಆ ರಜೆಯ ಶುಕ್ರವಾರ ಅವಳ ಕೈಗೆ ಹಳೆಯದೊಂದು ಚೀಟಿ ಬಂತು. ಹನ್ನೊಂದು ವರ್ಷದ ಹಿಂದಿನದು. ಅದೇ ಕಾದಂಬರಿಯದು, ಪುಟ ಅರವತ್ತೊಂದು. ತೆರೆದು ನೋಡಿದರೆ ವಾಕ್ಯ ಇದ್ದಲ್ಲೇ ಇತ್ತು. ಅಂದರೆ ತಾತ ಆ ಪುಸ್ತಕವನ್ನು ಬೆರಳಿಟ್ಟು ಓದಿದ್ದವರು. ಅದು ಯಾವ ಪುಟಕ್ಕೆ ಮುಗಿಯುತ್ತದೆಂದು ಅವರಿಗೆ ಗೊತ್ತಿತ್ತು. ಜೀವಮಾನವೆಲ್ಲ ಪುಟಸಂಖ್ಯೆ ತಾಳೆ ನೋಡಿದ ಮನುಷ್ಯ ನೂರ ತೊಂಬತ್ತೆಂಟರ ಪುಸ್ತಕಕ್ಕೆ ಇನ್ನೂರ ಹನ್ನೆರಡು ಎಂದು ಬರೆದದ್ದು ಮರೆವಲ್ಲ.

ಸುಳ್ಳು ಹೇಳುವವರು ನಿಜವಾದ ಪುಟವೊಂದರ ಸಂಖ್ಯೆ ಹಾಕುತ್ತಾರೆ. ಯಾರು ಹೋಗಿ ನೋಡುತ್ತಾರೆ? ತಾತ ತಮ್ಮ ಸುಳ್ಳನ್ನು ಯಾರ ಪುಟದ ಮೇಲೂ ಇಡಲಿಲ್ಲ. ಕೊನೆಯ ಹಾಳೆಯನ್ನೂ ದಾಟಿ, ಕಾಗದವೇ ಇಲ್ಲದ ಕಡೆ ಒಯ್ದು ಇಟ್ಟಿದ್ದರು. ಬೇರೆಯವರ ಮಾತಿಗೆ ಮಸಿ ತಾಗಬಾರದೆಂದೋ, ಸಿಕ್ಕಿಬಿದ್ದರೆ ಒಂದೇ ಏಟಿಗೆ ಸಿಕ್ಕಿಬೀಳಲಿ ಎಂದೋ, ಅಥವಾ ಇರುವ ಪುಟದ ಮೇಲೆ ಸುಳ್ಳು ಬರೆಯಲು ಕೈ ಬರಲಿಲ್ಲವೋ. ಅವಳು ಪುಸ್ತಕ ಮುಚ್ಚಿ ಚೀಟಿಯನ್ನು ಕಟ್ಟಿಗೆ ಸೇರಿಸಿದಳು. ಎದುರಿನ ಮೇಜಿನಲ್ಲಿ ಯಾರೋ ಪತ್ರಿಕೆ ಮಡಚುತ್ತಿದ್ದರು. ಸಾಕು, ಸೋಮವಾರ ಹೇಳಿಬಿಡುತ್ತೇನೆ ಎಂದುಕೊಂಡಳು.

ಸೋಮವಾರ ಅವಳು ಆರುನೂರ ಹನ್ನೆರಡು ಚೀಟಿಗಳ ಪಟ್ಟಿ ಹಿಡಿದು ದೊಡ್ಡೋರ ಮುಂದೆ ನಿಂತಳು. ಅವರು ಪಟ್ಟಿಯ ಮೊದಲ ಹಾಳೆ ನೋಡಿದರು, ಎರಡನೆಯದು ನೋಡಿದರು, ಮೂರನೆಯದನ್ನು ತಿರುಗಿಸಲಿಲ್ಲ.

“ಪ್ರೆಸ್ಸಿನವರಿಗೆ ಒಂದು ವಾರ ಮೊದಲೇ ಬಿಡುವಾಯ್ತಮ್ಮ. ಶುಕ್ರವಾರ ಕಳಿಸಿಬಿಟ್ಟೆ. ನೀನು ರಜೆಯಲ್ಲಿದ್ದೆ.”

“ನಿಲ್ಲಿಸೋಕೆ ಆಗಲ್ವಾ ಸರ್?”

“ಮೂರು ದಿನ ಹಗಲು ರಾತ್ರಿ ಓಡಿಸಿ ಅರ್ಧ ಅಚ್ಚು ಮಾಡಿಬಿಟ್ಟಿದ್ದಾರೆ.” ಅವರು ಪಟ್ಟಿಯನ್ನು ಮೆಲ್ಲಗೆ ಅವಳ ಕಡೆ ತಳ್ಳಿದರು. “ಯಾಕಮ್ಮ ಇಷ್ಟು ದಿನ ಸುಮ್ನಿದ್ದೆ? ನಾಲ್ಕು ವಾರದ ಹಿಂದೆ ಬಂದು, ‘ಸರ್, ನಾನು ಬರೆದದ್ದು ತಪ್ಪು’ ಅಂತ ಒಂದು ಮಾತು ಹೇಳಿದ್ರೆ ಎಲ್ಲ ವಾಪಸ್ ಹಾಕಿಸ್ತಿದ್ದೆ.”

“ಬರೀ ಮಾತು ಹೇಳಿದ್ರೆ?”

“ತೆಗೆಸಿದ್ದು ನಿನ್ನ ಬರೀ ಮಾತು ನಂಬಿಯೇ ಅಲ್ವಾ? ಆ ಎರಡು ಚೀಟಿ ಬಿಟ್ರೆ ನಾನು ಇನ್ಯಾವುದನ್ನೂ ನೋಡಲಿಲ್ಲ. ನೀನು ಬರೆದಿದ್ದೆ, ಸಾಕಾಯ್ತು.” ಅವರು ಕಿಟಕಿಯ ಕಡೆ ನೋಡಿದರು. “ಮುಂದಿನ ಆವೃತ್ತಿಗೆ ನೋಡೋಣ. ಯಾವಾಗ ಬರುತ್ತೋ.”

ಮೊದಲನೆಯದಕ್ಕೇ ಹತ್ತೊಂಬತ್ತು ವರ್ಷ ಹಿಡಿದಿತ್ತು.

ಮಧ್ಯಾಹ್ನವೇ ಅವಳು ತಾತನ ಮನೆ ಹುಡುಕಿಕೊಂಡು ಹೊರಟಳು. ಎರಡು ಬಸ್ಸು ಬದಲಾಯಿಸಬೇಕು. ಬಡಗಿ ಅಂಗಡಿಯ ಪಕ್ಕದ ಸಂದಿಯಲ್ಲಿ, ಮೆಟ್ಟಿಲ ಮೇಲೆ ಎರಡು ಕೋಣೆ. ಬಾಗಿಲು ತೆರೆದ ತಾತ ಅವಳನ್ನು ನೋಡಿ ಆಶ್ಚರ್ಯಪಡಲಿಲ್ಲ. “ಬಾ ತಾಯಿ. ಮೆಟ್ಟಿಲು ಸ್ವಲ್ಪ ಅಲುಗಾಡುತ್ತೆ, ನೋಡ್ಕೊಂಡು ಬಂದ್ಯಾ?” ಎಂದರು. ಒಳಗೆ ಮೂರು ಗೋಡೆಗೂ ಪುಸ್ತಕಗಳಿದ್ದವು. ಮೇಜಿನ ಮೇಲೆ ಒಂದೂ ತೆರೆದಿರಲಿಲ್ಲ. ಎಲ್ಲ ಪುಸ್ತಕಗಳೂ ಬೆನ್ನು ಹೊರಮುಖವಾಗಿ, ಮಾರಲಿಟ್ಟ ಹಾಗೆ, ನೀಟಾಗಿ ನಿಂತಿದ್ದವು.

ಅವಳು ಕೂತ ಕೂಡಲೇ ಪಟ್ಟಿ ತೆಗೆದು ಅವರ ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಚೆಲ್ಲಿಹೋಗಿ, “ತಾಳೆ ನೋಡಿದೆ ತಾತ. ಎಲ್ಲ ಸರಿ ಇದೆ. ಒಂದು ಕಾಮಾ ಕೂಡ ತಪ್ಪಿಲ್ಲ” ಎಂದಷ್ಟೇ ಹೇಳಲಾಯಿತು.

“ಎಷ್ಟು ನೋಡಿದೆ?”

“ಆರುನೂರ ಹನ್ನೆರಡು.”

ತಾತ ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಹಳೆಯ ಅಭ್ಯಾಸದಂತೆ ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತಾ ಹೋದರು. “ಚೆನ್ನಾಗಿ ಮಾಡಿದೀಯ” ಎಂದರು. ಆಮೇಲೆ, “ಐನೂರು ನೋಡಿದ ಮೇಲೂ ಅನುಮಾನ ಇತ್ತು ಅನ್ನು” ಎಂದರು. ಚುಚ್ಚಲು ಹೇಳಿದ್ದಲ್ಲ. ಕರಡಿನಲ್ಲಿ ಕಂಡದ್ದನ್ನು ಅಂಚಿನಲ್ಲಿ ಬರೆದಿಟ್ಟ ಹಾಗೆ.

“ಅನುಮಾನ ಇರಲಿಲ್ಲ ತಾತ. ಧೈರ್ಯ ಇರಲಿಲ್ಲ.” ಅವಳು ಪುಸ್ತಕ ಅಚ್ಚಿಗೆ ಹೋದದ್ದನ್ನು ಹೇಳಿದಳು. ಒಂಬೈನೂರು ಹೇಳಿಕೆಗಳು ಹೋದದ್ದನ್ನೂ ಹೇಳಿದಳು. “ನನ್ನಿಂದ ತಪ್ಪಾಯ್ತು.”

“ತಪ್ಪು ನಂದೂ ಇದೆಯಲ್ಲ. ನಿನ್ನೊಬ್ಬಳದೇ ಹೇಗಾಗುತ್ತೆ.” ಅವರು ಪಟ್ಟಿಯನ್ನು ಮಡಚಿ ಅವಳಿಗೇ ಹಿಂದಿರುಗಿಸಿದರು. “ಅದಕ್ಕೆಲ್ಲ ಬೇಜಾರಿಲ್ಲ ತಾಯಿ. ಚೀಟಿ ಬೀರುವಲ್ಲಿದ್ರೇನು, ಖಾನೆಯಲ್ಲಿದ್ರೇನು. ಬೇಜಾರು ಬೇರೆ ಒಂದಿದೆ.”

“ಏನದು ತಾತ?”

“ಆ ಎರಡು ಚೀಟಿ ಬರೆದ್ನಲ್ಲ. ಆಪರೇಟರ್ ಬಾಯಲ್ಲಿ ಆ ಮಾತು ಇಟ್ಟು, ಎರಡು ಥರ ವಾಕ್ಯ ಕಟ್ಟಿದೆ. ಚೆನ್ನಾಗೇ ಬಂತು. ಎಷ್ಟು ಚೆನ್ನಾಗಿ ಬಂತು ಅಂದ್ರೆ, ಈಗ ಕಣ್ಣು ಮುಚ್ಚಿದ್ರೆ ಆ ವಾಕ್ಯಗಳೇ ಬರ್ತವೆ. ನನ್ನ ಅಕ್ಷರದಲ್ಲಿ. ಅವಳ ದನಿ ಬರ್ತಾ ಇಲ್ಲ.” ತಾತ ತಮ್ಮ ಕಿವಿಯ ಹತ್ತಿರ ಕೈ ಒಯ್ದು, ಏನೋ ಸಿಗದೆ ಕೆಳಗಿಳಿಸಿದರು. “ಮೊದಲು ಖಂಡಿತ ಬರ್ತಿತ್ತು. ಮೊದಲನೇ ಚೀಟಿ ತಂದೆನಲ್ಲ, ಅವತ್ತೂ ಬರ್ತಿತ್ತು. ಈಗ ಅನ್ನಿಸುತ್ತೆ, ಅವಳು ಥಿನ್ ಅಂತಿದ್ಲಾ, ಇಲ್ಲ ಬೇರೆ ಏನಾದ್ರೂ ಅಂತಿದ್ಲಾ. ನಾನೇ ಚೆಂದಕ್ಕೆ ಮಾಡ್ಕೊಂಡ್ನಾ. ಕೇಳೋಣ ಅಂದ್ರೆ ಅವಳ ಜೊತೆ ಬೋರ್ಡಿನಲ್ಲಿದ್ದ ಒಬ್ರೂ ಉಳಿದಿಲ್ಲ. ಒಂದು ಸುಳ್ಳು ಹೇಳಿದ್ದಕ್ಕೆ ಒಂದು ನಿಜ ಕೊಟ್ಟುಬಿಟ್ಟೆ ಅನ್ನಿಸುತ್ತೆ.”

ಕೆಳಗೆ ಬಡಗಿ ಅಂಗಡಿಯಲ್ಲಿ ಗರಗಸದ ಸದ್ದು ಶುರುವಾಗಿ, ನಿಂತು, ಮತ್ತೆ ಶುರುವಾಯಿತು. ಪುರಾವೆಗೆ ಏನಾದರೂ ಹೇಳಲೇಬೇಕಿತ್ತು. ಬೀರುವಿನ ಕೀಲಿ, ಗ್ರಂಥಾಲಯದ ಮೇಜು, ಆರುನೂರ ಹನ್ನೆರಡು ಗುರುತುಗಳು, ಇವ್ಯಾವುವೂ ಈ ಒಂದು ಕೆಲಸಕ್ಕೆ ಬರುತ್ತಿರಲಿಲ್ಲ.

“ಹೇಳ್ತಿದ್ರು ತಾತ” ಎಂದಳು. “ಅಜ್ಜಿ ಹಾಗೇ ಹೇಳ್ತಿದ್ರು.”

ತಾತ ಅವಳ ಮುಖವನ್ನು ನೋಡಿದರು. ಅವರ ಕಣ್ಣಲ್ಲಿ ಒಂದು ಕ್ಷಣ ಏನೋ ಹೊತ್ತಿಕೊಂಡಿತು. ನಂಬಿಬಿಡುವ ಆಸೆಯಿರಬೇಕು.

“ನಿಂಗೆ ಹೇಗೆ ಗೊತ್ತು?”

“ನೀವು ಹೇಳಿದ್ರಲ್ಲ. ಅದಕ್ಕೆ.”

“ಮೊದಲನೇ ಚೀಟಿ ತಂದಾಗ್ಲೂ ಹೇಳಿದ್ದು ನಾನೇ ಅಲ್ವಾ ತಾಯಿ” ಎಂದರು ತಾತ, ಬಹಳ ಮೃದುವಾಗಿ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು, ಅವಳಿಗೆ ಟೀ ಇಡಲು ಒಳಗೆ ಹೋದರು. ಒಳಗಿನಿಂದ ಸಕ್ಕರೆ ಎಷ್ಟು ಎಂದು ಕೇಳಿದರು. ಅವಳು ಹೇಳಿದ್ದು ಗರಗಸದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.